ಟ್ಯೂಬ್ ಪೆಡಲಿಗೆ ಎಷ್ಟು ಪವರ್ ಬೇಕು? ಮೊದಲು ಹೀಟರ್ ಲೆಕ್ಕ ಹಾಕಿ

"ನನ್ನ ಪವರ್ ಸಪ್ಲೈಯಲ್ಲಿ 9 ವೋಲ್ಟಿನ, ತಲಾ 100 ಮಿಲಿಆಂಪ್ ಕೊಡುವ ಎಂಟು ಔಟ್‌ಪುಟ್ ಇದೆ. ಪೆಡಲೂ 9 ವೋಲ್ಟಿನದ್ದೇ, ಪ್ಲಗ್ಗೂ ಸರಿಯಾಗಿ ಕೂರುತ್ತದೆ. ಆದರೂ ಟ್ಯೂಬ್ ಪೆಡಲ್ ಆನ್ ಆಗ್ತಿಲ್ಲ, ಯಾಕೆ?" ಗಿಟಾರ್ ನುಡಿಸುವ ಗೆಳೆಯರು ನನಗೆ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. (ಗಿಟಾರಿನ ಸೌಂಡ್ ಬದಲಿಸಲು ಕಾಲಲ್ಲಿ ಒತ್ತುವ ಡಬ್ಬಿಯೇ ಪೆಡಲ್. ಅದರೊಳಗೆ ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್ ಇದ್ದರೆ ಅದು ಟ್ಯೂಬ್ ಪೆಡಲ್.) ಇನ್ನು ಕೆಲವರದು ಸ್ವಲ್ಪ ಬೇರೆ: ಪೆಡಲ್ ಆನ್ ಆಗುತ್ತದೆ, ಆದರೆ ಸೌಂಡ್ ಸಣ್ಣಗೆ, ಒಡೆದ ಹಾಗೆ ಬರುತ್ತದೆ, ಇಲ್ಲವೇ ಪಕ್ಕದ ಡಿಲೇ ಪೆಡಲಿನಲ್ಲಿ ಕೀಂಯ್ ಅಂತ ಶಬ್ದ ಶುರುವಾಗುತ್ತದೆ.

ಬಹುಪಾಲು ಸಲ ಪೆಡಲ್ ಕೆಟ್ಟಿರುವುದಿಲ್ಲ. ಕೊಟ್ಟ ಪವರ್ ಸಾಲದೆ ಇರುತ್ತದೆ. ಟ್ರಾನ್ಸಿಸ್ಟರಿನ ಸಾಮಾನ್ಯ ಡಿಸ್ಟಾರ್ಷನ್ ಪೆಡಲಿಗೆ 5ರಿಂದ 20 ಮಿಲಿಆಂಪ್ ಸಾಕು. (ಸಾವಿರ ಮಿಲಿಆಂಪ್ ಸೇರಿದರೆ ಒಂದು ಆಂಪ್.) ಟ್ಯೂಬ್ ಪೆಡಲ್ ಅದರ ಹತ್ತಿಪ್ಪತ್ತು ಪಟ್ಟು ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಅಂತ ಕೊಳ್ಳುವ ಮೊದಲೇ, ಅಥವಾ ನೀವೇ ಕಟ್ಟುತ್ತಿದ್ದರೆ ಸೋಲ್ಡರ್ ಹಿಡಿಯುವ ಮೊದಲೇ, ಕಾಗದದ ಮೇಲೆ ಲೆಕ್ಕ ಹಾಕಬಹುದು. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಬೇಕಾಗುವುದು ಇಷ್ಟೇ: ಪೆಡಲಿನೊಳಗಿನ ಟ್ಯೂಬಿನ ನಂಬರ್, ಪೆಡಲಿನ ಹಿಂದೆ ಅಥವಾ ಡಿಸಿ ಜ್ಯಾಕ್ ಪಕ್ಕದಲ್ಲಿ ಬರೆದಿರುವ ಅಕ್ಷರ, ಒಂದು ಮಲ್ಟಿಮೀಟರ್, ಮತ್ತು ಮೊಬೈಲಿನ ಕ್ಯಾಲ್ಕುಲೇಟರ್.

ಹಂತ 1: ಜ್ಯಾಕ್ ಪಕ್ಕ ಬರೆದಿರುವುದನ್ನು ಪೂರ್ತಿ ಓದಿ

ನಾಲ್ಕು ವಿಷಯ ನೋಡಬೇಕು: ವೋಲ್ಟೇಜ್ ಎಷ್ಟು, ಎಸಿಯೋ ಡಿಸಿಯೋ, ಪ್ಲಗ್ಗಿನ ನಡುವಿನ ತೂತು ಪ್ಲಸ್ಸೋ ಮೈನಸ್ಸೋ, ಎಷ್ಟು ಮಿಲಿಆಂಪ್.

ಎಸಿ ಅಂದರೆ ಅಲೆಯ ಗುರುತು ಇರುತ್ತದೆ. ಡಿಸಿಗೆ ಒಂದು ನೇರ ಗೆರೆ, ಅದರ ಕೆಳಗೆ ತುಂಡು ತುಂಡು ಗೆರೆ. ಟ್ಯೂಬ್ ಪೆಡಲುಗಳಲ್ಲಿ 9 ಅಥವಾ 12 ವೋಲ್ಟ್ ಎಸಿ ಕೇಳುವವು ಕೆಲವಿವೆ, ಯಾಕೆಂದರೆ ಎಸಿ ಇದ್ದರೆ ಡಯೋಡ್ ಮತ್ತು ಕೆಪಾಸಿಟರ್ ಜೋಡಿಸಿಯೋ, ಚಿಕ್ಕ ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಹಾಕಿಯೋ ವೋಲ್ಟೇಜನ್ನು ಸುಲಭವಾಗಿ ಏರಿಸಬಹುದು. ಅಂಥ ಪೆಡಲಿಗೆ ಡಿಸಿ ಕೊಟ್ಟರೆ ಕೆಲಸ ಮಾಡುವುದಿಲ್ಲ, ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದರೆ ಸುಟ್ಟೂ ಹೋಗಬಹುದು. ಡಿಸಿ ಪೆಡಲಿಗೆ ಎಸಿ ಕೊಟ್ಟರೆ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಐಸಿಗಳ ಕಥೆ ಮುಗಿಯಿತು. ಎರಡಕ್ಕೂ ಪ್ಲಗ್ ಒಂದೇ ಥರ ಇರುವುದರಿಂದ ಪ್ಲಗ್ ಕೂತಿತು ಅಂತ ನಂಬಬೇಡಿ.

ಗಿಟಾರ್ ಪೆಡಲುಗಳಲ್ಲಿ ನಡುವೆ ಮೈನಸ್ ಇರುವುದು ರೂಢಿ. ರೌಟರ್, ಕೀಬೋರ್ಡ್, ಸಿಸಿಟಿವಿಯ 12 ವೋಲ್ಟ್ ಅಡಾಪ್ಟರುಗಳಲ್ಲಿ ಹೆಚ್ಚಾಗಿ ನಡುವೆ ಪ್ಲಸ್. ಮನೆಯಲ್ಲಿ ಬಿದ್ದಿರುವ ರೌಟರ್ ಅಡಾಪ್ಟರನ್ನು ಸುಮ್ನೆ ಚುಚ್ಚಿ ನೋಡೋಣ ಅನ್ನುವವರು ದಯವಿಟ್ಟು ಮೊದಲು ಮೀಟರ್ ಹಿಡಿಯಿರಿ.

ಮಿಲಿಆಂಪ್ ವಿಷಯದಲ್ಲಿ ಒಂದು ಹೆದರಿಕೆ ಬಹಳ ಜನಕ್ಕಿದೆ: "300 ಮಿಲಿಆಂಪ್ ಪೆಡಲಿಗೆ 1 ಆಂಪ್ ಅಡಾಪ್ಟರ್ ಹಾಕಿದರೆ ಸುಡುತ್ತದಾ?" ಸುಡುವುದಿಲ್ಲ. ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಅಡಾಪ್ಟರ್ ಮೇಲಿನ ಅಂಕಿ ಅದು ಕೊಡಬಲ್ಲ ಗರಿಷ್ಠ. ಜಾಸ್ತಿಯಾದರೆ ಅಪಾಯ ಇರುವುದು ವೋಲ್ಟೇಜಿನದ್ದು, ಮಿಲಿಆಂಪಿನದ್ದಲ್ಲ.

ಪೆಡಲಿನ ಮೇಲೆ ಕರೆಂಟ್ ಬರೆದಿದ್ದರೆ ಅದನ್ನೇ ನಂಬಿ, ನೇರ 5ನೇ ಹಂತಕ್ಕೆ ಹೋಗಿ. ಬರೆದಿಲ್ಲದಿದ್ದರೆ, ಅಥವಾ ನೀವೇ ಕಟ್ಟುತ್ತಿದ್ದರೆ, ಮುಂದೆ ಓದಿ.

ಹಂತ 2: ಹೀಟರಿನ ಲೆಕ್ಕ

ಇಡೀ ಲೆಕ್ಕದ ಜೀವ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಟ್ಯೂಬಿನೊಳಗೆ ಕ್ಯಾಥೋಡ್ ಅನ್ನುವ ಭಾಗ ಕೆಂಪಗೆ ಕಾದಾಗ ಮಾತ್ರ ಎಲೆಕ್ಟ್ರಾನ್ ಹೊರಬರುತ್ತವೆ. ಕಾವಲಿ ಕಾಯದೆ ದೋಸೆ ಏಳುವುದಿಲ್ಲ ಅಲ್ವಾ, ಹಾಗೆ. ಅದನ್ನು ಕಾಯಿಸುವ ಸಣ್ಣ ತಂತಿಯೇ ಹೀಟರ್. ನೀವು ನುಡಿಸಿದರೂ, ನುಡಿಸದೆ ಇದ್ದರೂ, ಪೆಡಲ್ ಬೈಪಾಸಿನಲ್ಲಿದ್ದರೂ (ಸೌಂಡ್ ಬದಲಾಗದೆ ನೇರ ದಾಟಿ ಹೋಗುತ್ತಿದ್ದರೂ) ಹೀಟರ್ ಒಂದೇ ಸಮನೆ ಕರೆಂಟ್ ಎಳೆಯುತ್ತಲೇ ಇರುತ್ತದೆ.

ಪೆಡಲುಗಳಲ್ಲಿ ಹೆಚ್ಚಾಗಿ ಸಿಗುವುದು 12ಎಎಕ್ಸ್7. ಇದರ ಯುರೋಪಿನ ಹೆಸರು ಇಸಿಸಿ83. ಕಡಿಮೆ ವೋಲ್ಟೇಜಿನ ಪೆಡಲುಗಳಲ್ಲಿ 12ಎಯು7, ಅಂದರೆ ಇಸಿಸಿ82, ಕೂಡ ಸಾಮಾನ್ಯ. 12ಎಟಿ7, 12ಎವೈ7 ಸೇರಿ ಈ ನಾಲ್ಕಕ್ಕೂ ಹೀಟರ್ ಒಂದೇ ಥರ. ಒಳಗೆ ಎರಡು ತುಂಡು ಹೀಟರ್, ಕೊನೆಗಳು 4 ಮತ್ತು 5ನೇ ಪಿನ್ನಿನಲ್ಲಿ, ನಡುವಿನ ಜೋಡಣೆ 9ನೇ ಪಿನ್ನಿನಲ್ಲಿ. ಹಾಗಾಗಿ ಎರಡು ರೀತಿ ಜೋಡಿಸಬಹುದು:

- ಸರಣಿಯಲ್ಲಿ, 4 ಮತ್ತು 5ರ ನಡುವೆ: 12.6 ವೋಲ್ಟ್, 150 ಮಿಲಿಆಂಪ್.
- ಸಮಾಂತರವಾಗಿ, 4 ಮತ್ತು 5 ಸೇರಿಸಿ ಒಂದು ಕಡೆ, 9 ಇನ್ನೊಂದು ಕಡೆ: 6.3 ವೋಲ್ಟ್, 300 ಮಿಲಿಆಂಪ್.

ಗುಣಿಸಿ ನೋಡಿ. 12.6 × 0.15 ಅಂದರೆ 1.89 ವ್ಯಾಟ್. 6.3 × 0.3 ಅಂದರೂ 1.89 ವ್ಯಾಟ್. ಟ್ಯೂಬಿಗೆ ಬೇಕಾದ ಶಾಖ ಅಷ್ಟೇ, ಜೋಡಣೆ ಬದಲಾದರೆ ಮಿಲಿಆಂಪ್ ಬದಲಾಗುತ್ತದೆ. ಅದಕ್ಕೇ ನಾನು ಯಾವಾಗಲೂ ವ್ಯಾಟಿನಲ್ಲಿ ಲೆಕ್ಕ ಹಾಕಿ, ಕೊನೆಗೆ ಮಿಲಿಆಂಪಿಗೆ ತಿರುಗಿಸಿ ಅಂತ ಹೇಳುವುದು.

12 ವೋಲ್ಟ್ ಡಿಸಿ ಪೆಡಲಿನಲ್ಲಿ ಹೀಟರನ್ನು ಸರಣಿಯಲ್ಲಿ ನೇರ ಜೋಡಿಸಿರುತ್ತಾರೆ. 12.6 ಬೇಕಾದ ಕಡೆ 12 ಕೊಟ್ಟರೆ ತೊಂದರೆ ಇಲ್ಲ, ಹೆಚ್ಚುಕಡಿಮೆ ಶೇಕಡ 10 ನಡೆಯುತ್ತದೆ, ಅಂದರೆ 11.3ರಿಂದ 13.9 ವೋಲ್ಟ್‌ವರೆಗೆ. 9 ವೋಲ್ಟ್ ಪೆಡಲಿನಲ್ಲಿ ಮಾತ್ರ ಗಮನ ಬೇಕು. 9ರಿಂದ 6.3ಕ್ಕೆ ಇಳಿಸಲು ರೆಸಿಸ್ಟರ್ ಅಥವಾ ಎಲ್‌ಎಂ317 ಥರದ ಲೀನಿಯರ್ ರೆಗ್ಯುಲೇಟರ್ (ಹೆಚ್ಚಿನ ವೋಲ್ಟೇಜನ್ನು ಬಿಸಿಯಾಗಿ ಕಳೆದು ಇಳಿಸುವ ಐಸಿ) ಹಾಕಿದ್ದರೆ, ಅಡಾಪ್ಟರಿನಿಂದ ಪೂರ್ತಿ 300 ಮಿಲಿಆಂಪ್ ಬರಬೇಕು. ಉಳಿದ 2.7 ವೋಲ್ಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ, ಅದು 0.81 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ಅಲ್ಲಿ ಕಪ್ಪಾಗಿ ಹೋಗುತ್ತದೆ, 2 ವ್ಯಾಟಿನದ್ದೇ ಬೇಕು. ಬಕ್ ಕನ್ವರ್ಟರ್, ಅಂದರೆ ವೋಲ್ಟೇಜನ್ನು ಸ್ವಿಚ್ ಮಾಡುತ್ತಾ ಇಳಿಸುವ ಸರ್ಕ್ಯೂಟ್ ಇದ್ದರೆ, ಶೇಕಡ 85 ದಕ್ಷತೆ ಹಿಡಿದು 1.89 ÷ 0.85 ÷ 9, ಸುಮಾರು 250 ಮಿಲಿಆಂಪ್.

ಬೇರೆ ಟ್ಯೂಬ್ ಇದ್ದರೆ ಡೇಟಾಶೀಟಿನಲ್ಲಿ, ಅಂದರೆ ತಯಾರಕರು ಕೊಡುವ ವಿವರದ ಹಾಳೆಯಲ್ಲಿ, ಹೀಟರ್ ಸಾಲು ನೋಡಿ. ಇಸಿಸಿ88ಕ್ಕೆ 6.3 ವೋಲ್ಟ್, 365 ಮಿಲಿಆಂಪ್. ಬೆರಳ ತುದಿಯಷ್ಟೇ ಇರುವ 6111, 6112, 6021 ಟ್ಯೂಬುಗಳನ್ನು ನೋಡಿ "ಇಷ್ಟು ಚಿಕ್ಕದು, ಏನು ಮಹಾ ಎಳೆದೀತು" ಅಂದುಕೊಳ್ಳುತ್ತಾರೆ, ಅವಕ್ಕೂ 6.3 ವೋಲ್ಟಿಗೆ 300 ಮಿಲಿಆಂಪೇ. ನಿಜಕ್ಕೂ ಕಡಿಮೆ ಎಳೆಯುವುದು ಜಪಾನಿನ ಕೊರ್ಗ್ ಮತ್ತು ನೊರಿಟಾಕೆ ಕಂಪನಿಗಳು ಸೇರಿ ಮಾಡಿದ ನ್ಯೂಟ್ಯೂಬ್ 6ಪಿ1. ಅದರ ಒಂದೊಂದು ಫಿಲಮೆಂಟಿಗೆ 0.7 ವೋಲ್ಟ್, 17 ಮಿಲಿಆಂಪ್ ಸಾಕು. ಅದು ಇರುವ ಪೆಡಲಿಗೆ ಹೀಟರಿನ ಚಿಂತೆ ಬೇಕಿಲ್ಲ.

ಹಳೇ ವಾಲ್ವ್ ರೇಡಿಯೋದಿಂದ ಟ್ಯೂಬ್ ತೆಗೆದು ಪೆಡಲ್ ಕಟ್ಟುವ ಆಸೆ ಇರುವವರಿಗೆ ಒಂದು ಮಾತು. ನಮ್ಮಲ್ಲಿ ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ರೇಡಿಯೋ ವಾಲ್ವ್ ತಯಾರಿಸುತ್ತಿತ್ತು, ಅಜ್ಜನ ಕಾಲದ ಸೆಟ್ಟುಗಳಲ್ಲಿ ಈಗಲೂ ಸಿಗುತ್ತವೆ. ಯುರೋಪಿನ ಹೆಸರಿನ ಮೊದಲ ಅಕ್ಷರವೇ ಹೀಟರಿನ ಗುರುತು. 'ಇ' ಅಂದರೆ 6.3 ವೋಲ್ಟ್. 'ಪಿ' ಅಂದರೆ 300 ಮಿಲಿಆಂಪ್ ಸರಣಿ, 'ಯು' ಅಂದರೆ 100 ಮಿಲಿಆಂಪ್ ಸರಣಿ, ಇವೆರಡರಲ್ಲಿ ವೋಲ್ಟೇಜ್ ಟ್ಯೂಬಿಂದ ಟ್ಯೂಬಿಗೆ ಬೇರೆ. ಯುಸಿಸಿ85ರ ಹೀಟರಿಗೆ 26 ವೋಲ್ಟ್ ಬೇಕು, 12 ವೋಲ್ಟಿಗೆ ಅದು ಸರಿಯಾಗಿ ಕಾಯುವುದೇ ಇಲ್ಲ. ಅಮೆರಿಕದ ಹೆಸರಿನಲ್ಲಿ ಮೊದಲ ಅಂಕಿ ಸುಮಾರಾಗಿ ಹೀಟರ್ ವೋಲ್ಟೇಜ್: 12ಎಎಕ್ಸ್7ಕ್ಕೆ 12.6, 6ಎಸ್‌ಎನ್7ಕ್ಕೆ 6.3.

ಹಂತ 3: ಪ್ಲೇಟಿನ ಲೆಕ್ಕ

ಪ್ಲೇಟ್ ಅಂದರೆ ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳುವ, ಪ್ಲಸ್ ವೋಲ್ಟೇಜ್ ಇರುವ ಭಾಗ. ಇಲ್ಲಿ ಎರಡು ಜಾತಿ ಪೆಡಲುಗಳಿವೆ.

ಮೊದಲ ಜಾತಿ, ಬಂದ 9 ಅಥವಾ 12 ವೋಲ್ಟನ್ನೇ ಪ್ಲೇಟಿಗೆ ಕೊಡುವುದು. ಮನೆಯಲ್ಲಿ ಕಟ್ಟುವವರಲ್ಲಿ ಹೆಸರಾದ ವಾಲ್ವ್‌ಕಾಸ್ಟರ್ ಸರ್ಕ್ಯೂಟ್ ಈ ಥರದ್ದು. 12 ವೋಲ್ಟಿಗೆ 100 ಕಿಲೋಓಮ್ ಪ್ಲೇಟ್ ರೆಸಿಸ್ಟರ್ ಇದ್ದರೆ 0.12 ಮಿಲಿಆಂಪಿಗಿಂತ ಜಾಸ್ತಿ ಹರಿಯಲು ಸಾಧ್ಯವೇ ಇಲ್ಲ. ಲೆಕ್ಕಕ್ಕೆ ಸೊನ್ನೆ ಅಂದುಕೊಳ್ಳಿ.

ಎರಡನೇ ಜಾತಿ, ಒಳಗೆ ಬೂಸ್ಟ್ ಕನ್ವರ್ಟರ್ (ಕಡಿಮೆ ವೋಲ್ಟೇಜನ್ನು ಏರಿಸುವ ಸರ್ಕ್ಯೂಟ್) ಇಟ್ಟುಕೊಂಡು 200-300 ವೋಲ್ಟ್ ಮಾಡಿಕೊಳ್ಳುವುದು. ಇಲ್ಲಿ ಎಲ್ಲರೂ ಒಂದೇ ಕಡೆ ತಪ್ಪುತ್ತಾರೆ: "ಪ್ಲೇಟ್ ಕರೆಂಟ್ ಬರೀ 3 ಮಿಲಿಆಂಪ್" ಅಂತ ಅಡಾಪ್ಟರ್ ಲೆಕ್ಕಕ್ಕೂ 3 ಮಿಲಿಆಂಪನ್ನೇ ಕೂಡುತ್ತಾರೆ. ಆ 3 ಮಿಲಿಆಂಪ್ 250 ವೋಲ್ಟಿನಲ್ಲಿ ಹರಿಯುವುದು, 12 ವೋಲ್ಟಿನಲ್ಲಿ ಅಲ್ಲ. ವ್ಯಾಟಿಗೆ ತಿರುಗಿಸಿ: 250 × 0.003, ಅಂದರೆ 0.75 ವ್ಯಾಟ್. ಕನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ, ದಕ್ಷತೆ ಶೇಕಡ 70 ಅಂತ ಹಿಡಿದರೆ 1.07 ವ್ಯಾಟ್. 12 ವೋಲ್ಟಿಗೆ ಭಾಗಿಸಿದರೆ 90 ಮಿಲಿಆಂಪ್. ನೋಡಿ, 3 ಹೋಗಿ 90 ಆಯಿತು. ಅದೇ ಪೆಡಲ್ 9 ವೋಲ್ಟಿನದ್ದಾದರೆ ಸುಮಾರು 120.

ಎಚ್ಚರಿಕೆ: ಇಂಥ ಪೆಡಲಿನ ಮುಚ್ಚಳ ತೆಗೆದು ಒಳಗೆ ಕೈ ಹಾಕಬೇಡಿ. ಹೊರಗಿನ ಅಡಾಪ್ಟರ್ 12 ವೋಲ್ಟಿನದ್ದೇ ಆದರೂ ಒಳಗೆ 250 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು. ಮುಟ್ಟಲೇಬೇಕಾದರೆ ಪ್ಲಗ್ ಕಿತ್ತು, ಕಾದು, ಕೆಪಾಸಿಟರ್ ಮೇಲೆ ಮೀಟರ್ ಇಟ್ಟು ಸೊನ್ನೆಗೆ ಬಂದಿದೆ ಅಂತ ಕಣ್ಣಾರೆ ನೋಡಿ ಆಮೇಲೆ ಮುಟ್ಟಿ.

ಹಂತ 4: ಚಿಲ್ಲರೆ ಸೇರಿಸಿ, ಒಟ್ಟು ಮಾಡಿ

ಎಲ್‌ಇಡಿಗೆ 5 ಮಿಲಿಆಂಪ್, ಒಂದು ಡ್ಯುಯಲ್ ಆಪ್-ಆಂಪಿಗೆ (ಸಿಗ್ನಲನ್ನು ದೊಡ್ಡದು ಮಾಡುವ ಐಸಿ) 3ರಿಂದ 5, ರಿಲೇ ಸ್ವಿಚ್ ಇದ್ದರೆ ಇನ್ನೊಂದು 10-15.

ಈಗ ಕೂಡಿ ನೋಡೋಣ.

ಒಂದು 12ಎಯು7, 12 ವೋಲ್ಟ್, ಏರಿಸುವ ಸರ್ಕ್ಯೂಟ್ ಇಲ್ಲ: 150 + 0 + 5, ಒಟ್ಟು 155 ಮಿಲಿಆಂಪ್. ಇದನ್ನೇ 9 ವೋಲ್ಟಿನಲ್ಲಿ ನಡೆಸಿದರೆ ಹೀಟರ್ ಕಡಿಮೆ ಕಾದು ಸುಮಾರು 120 ಎಳೆಯುತ್ತದೆ, ಕೆಲಸವೂ ನಡೆಯುತ್ತದೆ, ಆದರೆ 100 ಮಿಲಿಆಂಪಿನ ಔಟ್‌ಪುಟ್ ಆಗಲೂ ಸಾಲದು. ಮೊದಲ ಸಾಲಿನ ಪ್ರಶ್ನೆಗೆ ಉತ್ತರ ಇದೇ.

ಒಂದು 12ಎಎಕ್ಸ್7, 12 ವೋಲ್ಟ್, ಒಳಗೆ 250 ವೋಲ್ಟ್: 150 + 90 + 10, ಒಟ್ಟು 250.

ಅದೇ ಟ್ಯೂಬ್, ಅದೇ 250 ವೋಲ್ಟ್, ಆದರೆ 9 ವೋಲ್ಟ್ ಅಡಾಪ್ಟರ್, ಹೀಟರಿಗೆ ಲೀನಿಯರ್ ರೆಗ್ಯುಲೇಟರ್: 300 + 120 + 10, ಒಟ್ಟು 430. ಸೌಂಡ್ ಅದೇ, ಕರೆಂಟ್ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು.

ಎಸಿ ಪೆಡಲಾದರೆ ಒಂದು ತಿದ್ದುಪಡಿ. ಹೀಟರ್ ನೇರ ಎಸಿಯಲ್ಲಿ ಉರಿಯುತ್ತಿದ್ದರೆ 150ನ್ನು ಹಾಗೇ ಬರೆದುಕೊಳ್ಳಿ. ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಜ್ ಮತ್ತು ಕೆಪಾಸಿಟರ್ ದಾಟಿ ಹೋಗುವ ಡಿಸಿ ಭಾಗವನ್ನು ಮಾತ್ರ 1.7ರಿಂದ ಗುಣಿಸಿ, ಯಾಕೆಂದರೆ ಕೆಪಾಸಿಟರ್ ಅಲೆಯ ತುದಿಯಲ್ಲಷ್ಟೇ ಗಕ್ಕನೆ ಕರೆಂಟ್ ಎಳೆಯುತ್ತದೆ, ಟ್ರಾನ್ಸ್‌ಫಾರ್ಮರಿಗೆ ಅದು ಜಾಸ್ತಿ ಹೊರೆ. ಮೇಲಿನ 12 ವೋಲ್ಟಿನ 12ಎಎಕ್ಸ್7 ಪೆಡಲಿನ 90 + 10 ಡಿಸಿ ಭಾಗ ಅಂದುಕೊಂಡರೆ 150 + (100 × 1.7), ಒಟ್ಟು 320. 500 ಮಿಲಿಆಂಪಿನ ಎಸಿ ಅಡಾಪ್ಟರ್ ಸಾಕು. ಹಲವು ಔಟ್‌ಪುಟ್ ಇರುವ ಸಪ್ಲೈಗಳಲ್ಲಿ ಹೆಚ್ಚಿನವು ಡಿಸಿ ಮಾತ್ರ ಕೊಡುತ್ತವೆ, ಹಾಗಾಗಿ ಎಸಿ ಪೆಡಲಿನ ಜೊತೆ ಬಂದ ಅಡಾಪ್ಟರನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಹಂತ 5: ಆನ್ ಮಾಡಿದ ಮೊದಲ ಕ್ಷಣ

ಒಟ್ಟು ಸಿಕ್ಕ ಮೇಲೆ ಅದರ ಮೇಲೆ ಶೇಕಡ 40-50 ಸೇರಿಸಿ. 155 ಬಂದವರು 250 ಅಥವಾ 300ರ ಔಟ್‌ಪುಟ್, 250 ಬಂದವರು 400-500ರದ್ದು, 430 ಬಂದವರು 650ರ ಮೇಲಿನದ್ದು ನೋಡಿ.

ಇಷ್ಟು ಜಾಗ ಯಾಕೆ ಬೇಕು ಅಂದರೆ, ತಣ್ಣಗಿರುವ ಹೀಟರಿನ ರೆಸಿಸ್ಟೆನ್ಸ್ ಬಹಳ ಕಡಿಮೆ. 12ಎಎಕ್ಸ್7 ಕಾದಿರುವಾಗ 12.6 ÷ 0.15, ಅಂದರೆ 84 ಓಮ್. ತಣ್ಣಗಿರುವಾಗ ಅದರ ಐದರಲ್ಲಿ ಅಥವಾ ಆರರಲ್ಲಿ ಒಂದು ಭಾಗ. ಮೀಟರನ್ನು ಓಮಿಗೆ ಇಟ್ಟು 4 ಮತ್ತು 5ನೇ ಪಿನ್ನಿಗೆ ಹಿಡಿದು ನೀವೇ ನೋಡಬಹುದು. 15 ಓಮಿಗೆ 12 ವೋಲ್ಟ್ ಕೊಟ್ಟರೆ ಮೊದಲ ಕ್ಷಣಕ್ಕೆ 800 ಮಿಲಿಆಂಪ್! ಕಾಯುತ್ತಾ ಹೋದ ಹಾಗೆ ಅದು 150ಕ್ಕೆ ಇಳಿಯುತ್ತದೆ.

ಹಳೇ ಥರದ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಈ ಹೊಡೆತವನ್ನು ಸ್ವಲ್ಪ ವೋಲ್ಟೇಜ್ ಇಳಿಸಿಕೊಂಡು ತಾಳಿಕೊಳ್ಳುತ್ತದೆ. ಈಗಿನ ಸ್ವಿಚಿಂಗ್ ಸಪ್ಲೈಗಳಲ್ಲಿ ಕೆಲವು ಶಾರ್ಟ್ ಆಗಿದೆ ಅಂದುಕೊಂಡು ಆಫ್ ಆಗುತ್ತವೆ, ಮತ್ತೆ ಆನ್ ಆಗುತ್ತವೆ, ಮತ್ತೆ ಆಫ್. ಎಲ್‌ಇಡಿ ಪಕಪಕ ಮಿಣುಕುತ್ತಾ ಪೆಡಲ್ ಏಳದೆ ಇದ್ದರೆ ಇದೇ ಕಾರಣ ಅಂತ ಮೊದಲು ಅನುಮಾನಿಸಿ. ದೊಡ್ಡ ಸಪ್ಲೈ ಹಾಕುವುದು ಸುಲಭದ ದಾರಿ. ಕಟ್ಟುವವರಾದರೆ ಹೀಟರಿನ ಸರಣಿಯಲ್ಲಿ ಒಂದು ಎನ್‌ಟಿಸಿ ಥರ್ಮಿಸ್ಟರ್ ಹಾಕಿ. ತಣ್ಣಗಿರುವಾಗ ಕರೆಂಟನ್ನು ತಡೆದು, ಬಿಸಿಯಾದ ಮೇಲೆ ದಾರಿ ಬಿಡುವ ಭಾಗ ಅದು. 18 ವೋಲ್ಟ್ ಸಪ್ಲೈ ಇದ್ದರೆ ಎಲ್‌ಎಂ317ಕ್ಕೆ 8.2 ಓಮಿನ ರೆಸಿಸ್ಟರ್ ಹಾಕಿ ಸುಮಾರು 150 ಮಿಲಿಆಂಪಿಗೇ ಕಟ್ಟಿಹಾಕಬಹುದು, ಆಗ ಮೊದಲ ಕ್ಷಣದ ಹೊಡೆತವೇ ಇರುವುದಿಲ್ಲ. ಐಸಿಗೆ ಹೀಟ್‌ಸಿಂಕ್ ಮರೆಯಬೇಡಿ.

ಹಂತ 6: ಸಪ್ಲೈ ಆರಿಸುವುದು

ಬಿಡಿ ಬಿಡಿ ಔಟ್‌ಪುಟ್ ಇರುವ ಸಪ್ಲೈಯಲ್ಲಿ ಒಟ್ಟು ಎಷ್ಟು ಆಂಪ್ ಅಂತ ನೋಡಬೇಡಿ, ಒಂದೊಂದು ಔಟ್‌ಪುಟ್ಟಿನ ಮಿತಿ ನೋಡಿ. ವೋಲ್ಟೇಜ್ ಬದಲಿಸಿದರೆ ಮಿತಿಯೂ ಬದಲಾಗುತ್ತದೆ. ಉದಾಹರಣೆಗೆ ಸ್ಟ್ರೈಮನ್ ಕಂಪನಿಯ ಜೂಮಾ ಸಪ್ಲೈಯಲ್ಲಿ 9 ವೋಲ್ಟಿಗೆ 500 ಮಿಲಿಆಂಪ್ ಕೊಡುವ ಔಟ್‌ಪುಟ್ಟನ್ನು 12ಕ್ಕೆ ತಿರುಗಿಸಿದರೆ 375, 18ಕ್ಕೆ ತಿರುಗಿಸಿದರೆ 250. ಗುಣಿಸಿ ನೋಡಿದರೆ ಮೂರೂ 4.5 ವ್ಯಾಟೇ.

ಐಸೊಲೇಟೆಡ್ ಔಟ್‌ಪುಟ್, ಅಂದರೆ ಒಂದರ ನೆಲದ ತಂತಿ ಇನ್ನೊಂದಕ್ಕೆ ಒಳಗೊಳಗೇ ಸೇರಿಲ್ಲದ್ದು, ಟ್ಯೂಬ್ ಪೆಡಲಿಗೆ ತುಂಬಾ ಮುಖ್ಯ. ಬೂಸ್ಟ್ ಕನ್ವರ್ಟರ್ ತಾನೇ ಗಲಾಟೆ ಮಾಡುವ ಸರ್ಕ್ಯೂಟ್. ಒಂದೇ ತಂತಿಯಲ್ಲಿ ಮಾಲೆ ಕಟ್ಟಿದ ಹಾಗೆ ಎಲ್ಲ ಪೆಡಲಿಗೂ ಪವರ್ ಕೊಟ್ಟರೆ ಆ ಗಲಾಟೆ ಪಕ್ಕದ ಪೆಡಲಿಗೆ ನುಗ್ಗುತ್ತದೆ. ಆ ಕೀಂಯ್ ಶಬ್ದ ಅಲ್ಲಿಂದ ಬಂದದ್ದು. ದುಡ್ಡು ಕಡಿಮೆ ಇದ್ದರೆ ಟ್ಯೂಬ್ ಪೆಡಲಿಗೆ ಮಾತ್ರ ಬೇರೆ ಅಡಾಪ್ಟರ್ ಇಡಿ, ಉಳಿದವನ್ನು ಮಾಲೆಯಲ್ಲೇ ಬಿಡಿ. ನನ್ನ ಮಟ್ಟಿಗೆ ದುಬಾರಿ ಸಪ್ಲೈಗಿಂತ ಮೊದಲು ಮಾಡಬೇಕಾದ ಖರ್ಚು ಇದು.

ವಿದೇಶದಿಂದ ನೆಂಟರು ತಂದುಕೊಟ್ಟ ಪೆಡಲುಗಳ ಬಗ್ಗೆ ಹೇಳಲೇಬೇಕು. ಅಮೆರಿಕದ ಅಡಾಪ್ಟರ್ 120 ವೋಲ್ಟ್, ಜಪಾನಿನದು 100 ವೋಲ್ಟ್, ನಮ್ಮ ಗೋಡೆಯಲ್ಲಿ 230. ಅಡಾಪ್ಟರ್ ಮೇಲೆ "100-240" ಅಂತ ಇದ್ದರೆ ಚಿಂತೆಯಿಲ್ಲ. ಬರೀ 120 ಅಂತ ಇದ್ದರೆ, ಅದರಲ್ಲೂ ಕೈಗೆ ಭಾರ ಅನ್ನಿಸಿದರೆ, ಒಳಗೆ ಟ್ರಾನ್ಸ್‌ಫಾರ್ಮರ್ ಇದೆ, ನಮ್ಮ ಪ್ಲಗ್ಗಿಗೆ ಹಾಕಿದರೆ ನಿಮಿಷಗಳಲ್ಲಿ ಸುಡುತ್ತದೆ. ಬಿ.ಕೆ. ಬಟ್ಲರ್ ಟ್ಯೂಬ್ ಡ್ರೈವರ್ ಥರದ, ಗೋಡೆಯ ಕರೆಂಟನ್ನು ನೇರ ತೆಗೆದುಕೊಳ್ಳುವ ಪೆಡಲಾದರೆ ಸುಡುವುದು ಅಡಾಪ್ಟರ್ ಅಲ್ಲ, ಪೆಡಲೇ. ಅದು ಅಮೆರಿಕದ ಮಾದರಿಯೋ ಅಂತ ನೋಡಿ, 230ರಿಂದ 120ಕ್ಕೆ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಹುಡುಕುವುದು ಸುಲಭ.

ಗಣೇಶನ ಹಬ್ಬದ ಸ್ಟೇಜಿನಲ್ಲಿ, ಜನರೇಟರ್ ಮೇಲೆ ನುಡಿಸುವವರಿಗೆ "100-240" ಅಡಾಪ್ಟರೇ ವಾಸಿ. ವೋಲ್ಟೇಜ್ ಮೇಲೆ ಕೆಳಗೆ ಆದರೂ ಅದರ ಔಟ್‌ಪುಟ್ ಅಲ್ಲಾಡುವುದಿಲ್ಲ. ರೆಗ್ಯುಲೇಟರ್ ಇಲ್ಲದ ಟ್ರಾನ್ಸ್‌ಫಾರ್ಮರ್ ಅಡಾಪ್ಟರಿನಲ್ಲಿ ಎಲ್ಲವೂ ಅಲ್ಲಾಡುತ್ತದೆ. ಕರೆಂಟೇ ಇಲ್ಲದ ಕಡೆ ಯುಪಿಎಸ್‌ನ 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿ ಒಳ್ಳೆಯದು. ಪೂರ್ತಿ ಚಾರ್ಜ್ ಆದ ಮೇಲೆ ಅದರಲ್ಲಿ ಸುಮಾರು 12.8 ವೋಲ್ಟ್ ಇರುತ್ತದೆ, ಹೀಟರಿಗೆ ಹೇಳಿ ಮಾಡಿಸಿದ ಹಾಗೆ. 250 ಮಿಲಿಆಂಪಿನ ಪೆಡಲ್ ಒಂದು ರಾತ್ರಿಯ ಕಾರ್ಯಕ್ರಮ ಆರಾಮಾಗಿ ಮುಗಿಸುತ್ತದೆ. ಆದರೆ ಪ್ಲಸ್ ತಂತಿಯಲ್ಲಿ 1 ಆಂಪ್ ಫ್ಯೂಸ್ ಇಲ್ಲದೆ ಜೋಡಿಸಬೇಡಿ, ಶಾರ್ಟ್ ಆದರೆ ಆ ಬ್ಯಾಟರಿ ತಂತಿಯನ್ನೇ ಕರಗಿಸುತ್ತದೆ. 9 ವೋಲ್ಟಿನ ಚೌಕ ಬ್ಯಾಟರಿಯ ಆಸೆ ಬಿಟ್ಟುಬಿಡಿ.

ಹಂತ 7: ಅಳೆದು ನೋಡಿ

ಲೆಕ್ಕ ಸರಿಯೋ ಅಂತ ನೋಡಲು ಮೀಟರನ್ನು ಪ್ಲಸ್ ತಂತಿಯ ನಡುವೆ ಸರಣಿಯಲ್ಲಿ ಸೇರಿಸಬೇಕು. ಕೆಂಪು ವೈರನ್ನು 10 ಆಂಪಿನ ತೂತಿಗೇ ಹಾಕಿ. ಅಗ್ಗದ ಮೀಟರಿನ ಮಿಲಿಆಂಪ್ ತೂತಿನ ಫ್ಯೂಸ್ ಹೆಚ್ಚಾಗಿ 200 ಮಿಲಿಆಂಪಿನದ್ದು, ಮೊದಲ ಕ್ಷಣದ 800ಕ್ಕೆ ಅದು ಹಾರಿಹೋಗುತ್ತದೆ. ನನ್ನ ಮೀಟರಿನಲ್ಲಿ ಎರಡು ಸಲ ಹೀಗೇ ಹಾರಿದೆ.

ಪೆಡಲ್ ಆನ್ ಮಾಡಿ ಒಂದು ನಿಮಿಷ ಕಾದು ಅಂಕಿ ಓದಿ. ಆಮೇಲೆ ಕೆಂಪು ವೈರನ್ನು ತಪ್ಪದೆ ವೋಲ್ಟ್ ತೂತಿಗೆ ಮರಳಿಸಿ. ಆಂಪ್ ತೂತಿನಲ್ಲೇ ಬಿಟ್ಟು ವೋಲ್ಟೇಜ್ ಅಳೆಯಲು ಹೋದರೆ ನೇರ ಶಾರ್ಟ್.

ಕೊನೆಗೆ ಪೆಡಲ್ ಓಡುತ್ತಿರುವಾಗಲೇ ಅಡಾಪ್ಟರ್ ವೋಲ್ಟೇಜ್ ಅಳೆಯಿರಿ. ಬರಿಗೈಯಲ್ಲಿ ಅಳೆದರೆ ಉಪಯೋಗವಿಲ್ಲ, ರೆಗ್ಯುಲೇಟರ್ ಇಲ್ಲದ 12 ವೋಲ್ಟ್ ಡಿಸಿ ಅಡಾಪ್ಟರ್ ಹೊರೆ ಇಲ್ಲದಾಗ 16-17 ತೋರಿಸುತ್ತದೆ. 12 ವೋಲ್ಟ್ ಪೆಡಲಿಗೆ ಹೊರೆಯ ಜೊತೆ 11.4ರ ಮೇಲೆ, 13.5ರ ಒಳಗೆ ಇದ್ದರೆ ಸರಿ. 11ಕ್ಕಿಂತ ಕೆಳಗೆ ಇಳಿದರೆ ಅಡಾಪ್ಟರ್ ಸಾಲದು. ಅರ್ಧ ಗಂಟೆ ನುಡಿಸಿ ಅಡಾಪ್ಟರನ್ನು ಮುಟ್ಟಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಮುಂದಿನ ಸೈಜಿನದ್ದು ತನ್ನಿ.